ತೆಂಗಿನ ಗರಿ ಎಳೆಯದಿದ್ದರೆ ಮೊದಲು ಬ್ಲೇಡ್ ನೋಡಿ

ತಿಪಟೂರು, ಅರಸೀಕೆರೆ ಕಡೆಯ ತೋಟದವರು ಶ್ರೆಡ್ಡರ್ (ಗರಿ, ಕೊಂಬೆ ಚೂರು ಮಾಡುವ ಮಿಷಿನ್) ರಿಪೇರಿಗೆ ತಂದಾಗ ಹೇಳುವುದು ಹೆಚ್ಚುಕಮ್ಮಿ ಒಂದೇ ಮಾತು: ‘ಮೋಟರ್ ವೀಕ್ ಆಗಿದೆ ಸಾರ್, ಗರಿ ಎಳೀತಾ ಇಲ್ಲ.’ ಬಿಚ್ಚಿ ನೋಡಿದರೆ ಮೋಟರ್ ಚೆನ್ನಾಗಿಯೇ ಇರುತ್ತದೆ. ಮೊಂಡಾಗಿರುವುದು ಬ್ಲೇಡ್. ಮೊಂಡು ಬ್ಲೇಡ್ ಗರಿಯನ್ನು ಕತ್ತರಿಸುವ ಬದಲು ಜಜ್ಜುತ್ತದೆ. ಜಜ್ಜಿದ ನಾರು ಶಾಫ್ಟಿಗೆ ಸುತ್ತಿಕೊಳ್ಳುತ್ತದೆ, ಬೆಲ್ಟ್ ಜಾರುತ್ತದೆ, ಮೋಟರ್ ಬಿಸಿಯಾಗುತ್ತದೆ. ಬೈಸಿಕೊಳ್ಳುವುದು ಮಾತ್ರ ಮೋಟರ್.

ಬ್ಲೇಡ್ ಹೇಗಿದೆ ಅಂತ ತಿಳಿಯಲು ಬಿಚ್ಚಬೇಕಾಗಿಯೂ ಇಲ್ಲ. ಹೊರಗೆ ಬೀಳುವ ಚೂರನ್ನು ಕೈಯಲ್ಲಿ ಹಿಡಿದು ನೋಡಿ. ಅಂಚು ನೀಟಾಗಿ ಕತ್ತರಿಸಿದಂತಿದ್ದರೆ ಸರಿ. ಉದ್ದುದ್ದ ನಾರು ಬರುತ್ತಿದ್ದರೆ ಮಸೆಯುವ ಹೊತ್ತಾಯಿತು.

ಮಸೆದರೂ ನಾರು ಬರುವುದುಂಟು. ಆಗ ನೋಡಬೇಕಾದ್ದು, ತಿರುಗುವ ಬ್ಲೇಡಿಗೂ ಬಾಡಿಯಲ್ಲಿ ಕದಲದೆ ಕೂತಿರುವ ಬ್ಲೇಡಿಗೂ ನಡುವಿನ ಸಂದು. ಸಂದು ಜಾಸ್ತಿಯಾದರೆ ಸಡಿಲ ಕತ್ತರಿಯಲ್ಲಿ ಬಟ್ಟೆ ಕತ್ತರಿಸಿದ ಹಾಗೆ. ಗರಿ ಮಡಚಿಕೊಂಡು ಒಳಗೆ ನುಸುಳುತ್ತದೆ. ಎಷ್ಟಿರಬೇಕು ಅನ್ನುವುದು ಮಿಷಿನ್ ಜೊತೆ ಬಂದ ಪುಸ್ತಕದಲ್ಲಿರುತ್ತದೆ. (ಆ ಪುಸ್ತಕ ಸಾಮಾನ್ಯವಾಗಿ ಅಟ್ಟದ ಮೇಲಿರುತ್ತದೆ, ಅಲ್ವಾ?) ಮಸೆಯುವಾಗ ಎಲ್ಲ ಬ್ಲೇಡನ್ನೂ ಒಂದೇ ಸಮ ಮಸೆಯಿರಿ. ಒಂದು ಹಗುರವಾದರೆ ಮಿಷಿನ್ ನಡುಗಿ ಬೇರಿಂಗ್ ಹೋಗುತ್ತದೆ. ಗ್ರೈಂಡರಿಗೆ ಒತ್ತಿ ಹಿಡಿದು ಅಂಚು ನೀಲಿ ಬಣ್ಣಕ್ಕೆ ತಿರುಗಿತೋ, ಉಕ್ಕಿನ ಹದ ಹೋಯಿತು. ಅದು ಮತ್ತೆ ಬೇಗ ಮೊಂಡಾಗುತ್ತದೆ.

ಗರಿ ಕೊಡುವಾಗ ಬುಡ ಮೊದಲು, ತುದಿ ಆಮೇಲೆ. ಎಲೆಗಳು ತುದಿಯ ಕಡೆಗೆ ಬಾಗಿರುವುದರಿಂದ ಆಗ ದಂಟಿಗೆ ಒತ್ತಿಕೊಂಡು ಸಲೀಸಾಗಿ ಹೋಗುತ್ತವೆ. ತುದಿ ಮೊದಲು ಕೊಟ್ಟರೆ ಬಾಯಲ್ಲೇ ಕೆದರಿ ನಿಲ್ಲುತ್ತವೆ. ತೀರಾ ಅಗಲದ ಬುಡವನ್ನು ಮಚ್ಚಿನಲ್ಲಿ ಕಡಿದು ಸೌದೆಗೆ ಇಟ್ಟುಕೊಳ್ಳಿ. ಮಿಷಿನ್ ಪೂರ್ತಿ ವೇಗಕ್ಕೆ ಬಂದ ಮೇಲೆ ಮೊದಲ ಗರಿ ಕೊಡಿ. ಸದ್ದು ದಪ್ಪಗಾದರೆ ಕೈ ತಡೆಯಿರಿ, ಮತ್ತೆ ಸಣ್ಣಗಾದಾಗ ಮುಂದಿನದು. ಮಳೆಯಲ್ಲಿ ನೆನೆದ ಗರಿಯನ್ನು ಒಂದೇ ಸಮ ತುರುಕಿದರೆ ಹೊರಬಾಯಿ ಕಟ್ಟಿಕೊಳ್ಳುತ್ತದೆ. ನಡುನಡುವೆ ಒಣಗಿದ ಗ್ಲಿರಿಸಿಡಿಯಾ ಕೊಂಬೆ ಹಾಕಿದರೆ ಅದು ಹಸಿಯನ್ನು ದಬ್ಬಿಕೊಂಡು ಹೋಗುತ್ತದೆ. ಮಣ್ಣು ಮೆತ್ತಿದ ಬೇರು, ತಂತಿ, ಕಲ್ಲು ಬೇಡವೇ ಬೇಡ.

ಈಗ ಕರೆಂಟಿನ ವಿಷಯ. ನಮ್ಮಲ್ಲಿ ತ್ರೀ ಫೇಸ್ ಬರುವುದು ಕೆಲವೇ ಗಂಟೆ. ಬೋರಿನ ಮೋಟರಿಗೆ ಅಂತ ಸ್ಟಾರ್ಟರಿನಲ್ಲಿ ಆಟೋ ಹಾಕಿಸಿರುತ್ತಾರೆ. ಶ್ರೆಡ್ಡರಿಗೂ ಅಲ್ಲಿಂದಲೇ ವೈರ್ ಎಳೆದಿರುತ್ತಾರೆ. ಗರಿ ಸಿಕ್ಕಿಕೊಂಡಾಗಲೇ ಕರೆಂಟ್ ಹೋಯಿತು ಅಂದುಕೊಳ್ಳಿ. ಹೇಗೂ ನಿಂತಿದೆಯಲ್ಲ ಅಂತ ಯಾರೋ ಒಳಗೆ ಕೈ ಹಾಕುತ್ತಾರೆ. ಕರೆಂಟ್ ಬಂದ ತಕ್ಷಣ ಮಿಷಿನ್ ತಾನಾಗಿಯೇ ಸ್ಟಾರ್ಟ್! ನಾನು ಅತಿ ಹೆಚ್ಚು ಹೆದರುವುದು ಇದಕ್ಕೇ. ಶ್ರೆಡ್ಡರಿಗೆ ಬೇರೆಯದೇ ಸ್ಟಾರ್ಟರ್ ಇರಲಿ, ಅದರಲ್ಲಿ ಆಟೋ ಇರಬಾರದು. ಬಿಚ್ಚುವ ಮುಂಚೆ ಮೇನ್ ಇಳಿಸಿ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಸ್ವಿಚ್ ಆಫ್ ಮಾಡಿದರೂ ಬ್ಲೇಡ್ ಕೂತಿರುವ ರೋಟರ್ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ, ಪೂರ್ತಿ ನಿಲ್ಲುವ ತನಕ ಕಾಯಿರಿ. ಟ್ರಾಕ್ಟರಿನ ಪಿಟಿಒಗೆ (ಹಿಂದೆ ತಿರುಗುವ ಶಾಫ್ಟಿಗೆ) ಹಾಕಿ ಓಡಿಸುವವರು ಎಂಜಿನ್ ಬಂದ್ ಮಾಡಿ ಕೀ ತೆಗೆದಿಟ್ಟುಕೊಳ್ಳಬೇಕು.

ಟ್ರಾನ್ಸ್‌ಫಾರ್ಮರ್ ಕೆಲಸ ನಡೆದ ಮೇಲೆ ಫೇಸ್ ಅದಲುಬದಲಾಗಿ ಮೋಟರ್ ಉಲ್ಟಾ ತಿರುಗುವುದೂ ಇದೆ. ಖಾಲಿ ಓಡಿಸಿ ದಿಕ್ಕು ನೋಡಿಕೊಂಡು ಶುರು ಮಾಡಿ.

ಬಾಯಿಯ ಎದುರಿಗೆ ನಿಲ್ಲದೆ ಪಕ್ಕದಲ್ಲಿ ನಿಂತು ಗರಿ ಕೊಡಿ, ಕಣ್ಣಿಗೆ ಕನ್ನಡಕ ಇರಲಿ. ಹೆಗಲ ಮೇಲಿನ ಟವೆಲ್, ಇಳಿಬಿಟ್ಟ ಸೆರಗು, ಸಡಿಲ ಗ್ಲೌಸ್, ಇವನ್ನು ಗರಿ ತನ್ನ ಜೊತೆಗೇ ಎಳೆದುಕೊಂಡು ಹೋಗುತ್ತದೆ. ದಬ್ಬಲು ಕಬ್ಬಿಣದ ರಾಡ್ ಬೇಡ, ಉದ್ದದ ಕಟ್ಟಿಗೆ ಸಾಕು.

ಚೂರನ್ನು ಏನು ಮಾಡುವುದು? ತೋಟಕ್ಕೇ ಹಾಕಿ. ಮರದ ಬುಡಕ್ಕೆ ತಾಗದ ಹಾಗೆ ಸ್ವಲ್ಪ ದೂರ ಬಿಟ್ಟು 3-4 ಇಂಚು ದಪ್ಪಕ್ಕೆ ಹರಡಿದರೆ ಬೇಸಿಗೆಯಲ್ಲಿ ತೇವ ಉಳಿಯುತ್ತದೆ. ಎರೆಗೊಬ್ಬರಕ್ಕೆ ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಹೇಳುವ ಲೆಕ್ಕ, ಹತ್ತು ಪಾಲು ಗರಿಗೆ ಒಂದು ಪಾಲು ಸಗಣಿ. ರಾಶಿಯ ಬಿಸಿ ಇಳಿದ ಮೇಲೆ ಎರೆಹುಳು ಬಿಡಿ. ರಾಶಿಯನ್ನು ತಿಂಗಳುಗಟ್ಟಲೆ ಸುಮ್ನೆ ಬಿಟ್ಟರೆ ಸುಳಿ ಕೊರೆಯುವ ದುಂಬಿ ಅದರಲ್ಲೇ ಮೊಟ್ಟೆ ಇಡುತ್ತದೆ. ಆಗಾಗ ಕೆದಕಿ, ಕಂಡ ದುಂಬಿಯ ಮರಿಹುಳುಗಳನ್ನು ಆರಿಸಿ ಸಾಯಿಸಿ. ಅಣಬೆ ರೋಗಕ್ಕೆ ಸತ್ತ ಮರದ ಬುಡ, ಬೇರುಗಳನ್ನಂತೂ ಪುಡಿ ಮಾಡಿ ತೋಟಕ್ಕೆಲ್ಲ ಹರಡಬೇಡಿ. ಕಿತ್ತು ಸುಟ್ಟುಬಿಡಿ.