ಜಾಗ ಬದಲಿಸಿದ ಗಂಟು

ಚಳ್ಳಕೆರೆಯ ಎಣ್ಣೆ ಗಿರಣಿಯಲ್ಲಿ ಹಮಾಲಿ ಮಾಡುವ, ಐವತ್ತು ದಾಟಿದ ಒಬ್ಬರು ದಾವಣಗೆರೆಯ ನಮ್ಮ ಸ್ಕ್ಯಾನ್ ಸೆಂಟರಿಗೆ ಎರಡನೇ ಸಲ ಬಂದಿದ್ದರು. ನಾಲ್ಕು ತಿಂಗಳ ಹಿಂದಿನ ಸಿ.ಟಿ.ಯಲ್ಲಿ ಎಡಗಡೆ, ಹೃದಯದ ಮಗ್ಗುಲಲ್ಲಿ 9 ಮಿ.ಮೀ. ಗಂಟು ಇತ್ತು. ಈ ಸಲ ಅಲ್ಲಿ ಏನೂ ಇಲ್ಲ. ಎದೆ-ಹೊಟ್ಟೆ ಬೇರ್ಪಡಿಸುವ ಸ್ನಾಯುಪರದೆಯಾದ ವಪೆಯ ಮೇಲೆ, ಬೆನ್ನಿನ ಕಡೆ ಅಷ್ಟೇ ದೊಡ್ಡದೊಂದು ಕೂತಿದೆ. ‘ಹಳೆಯದು ಕರಗಿದೆ, ಹೊಸದು ಬಂದಿದೆ’ ಎಂದು ರಿಪೋರ್ಟು ಬರೆಸಿಯೇಬಿಟ್ಟಿದ್ದೆ. ಸಹಿಗೆ ಮುಂಚೆ ಎರಡೂ ಚಿತ್ರ ಅಕ್ಕಪಕ್ಕ ಇಟ್ಟರೆ ಅದೇ ನುಣುಪು ಅಂಚು, ನಡುವೆ ಅದೇ ಸುಣ್ಣದ ಚುಕ್ಕೆ. ವಾಪಸ್ ಕರೆದು ಬೋರಲು ಮಲಗಿಸಿ, ಎದೆಯ ಕೆಳಭಾಗವನ್ನಷ್ಟೇ ಕಡಿಮೆ ಡೋಸಿನಲ್ಲಿ ತೆಗೆದೆವು. ಗಂಟು ಮುಂದಕ್ಕೆ ಬಂದಿತ್ತು.

“ಹಂಗಾದ್ರೆ ಅದು ಒಳಗೇ ಅಡ್ಡಾಡ್ತೈತೇನ್ರೀ ಸಾರ್?”

ಹೌದು. ಇದು ಥೊರಾಕೊಲಿಥಿಯಾಸಿಸ್, ಎದೆಗೂಡಿನ ಹರಳು. ಅಪರೂಪದ್ದು. ಇರುವುದು ಶ್ವಾಸಕೋಶದೊಳಗಲ್ಲ, ಅದನ್ನು ಸುತ್ತಿದ ಪ್ಲೂರಾ ಪೊರೆಯ ಎರಡು ಪದರಗಳ ನಡುವೆ. ಹೃದಯದ ಸುತ್ತಲಿನ ಕೊಬ್ಬಿನ ಚೂರು ರಕ್ತ ಸಿಗದೆ ಸತ್ತು ಕಳಚಿ, ಮೇಲೆ ನಾರಿನ ಕವಚ ಕಟ್ಟಿಕೊಂಡು ಹೀಗಾಗುತ್ತದೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಸಾಮಾನ್ಯವಾಗಿ 15 ಮಿ.ಮೀ. ಒಳಗೇ ಇರುತ್ತದೆ. “ಒಣ ಶೇಂಗಾಕಾಯಿ ಅಲುಗಿಸಿದ್ರೆ ಬೀಜ ಗಲಗಲ ಅನ್ನಲ್ವಾ, ಹಂಗೆ” ಅಂದೆ. ಹೋಲಿಕೆ ಪೂರ್ತಿ ಸರಿಯಲ್ಲ: ಪದರಗಳ ನಡುವೆ ಇರುವುದು ತೆಳು ಪಸೆ ಮಾತ್ರ, ಹರಳು ಅದರಲ್ಲಿ ಜಾರುತ್ತದೆ.

ಸರಿದದ್ದೆಲ್ಲ ಹರಳಲ್ಲ, ಇಲ್ಲೇ ಎಡವುವುದು. ಬೋರಲು ಮಲಗಿದಾಗ ಶ್ವಾಸಕೋಶವೂ ಸರಿಯುತ್ತದೆ, ಅದರೊಳಗಿನ ಗಂಟೂ ಜೊತೆಗೆ ಹೋಗುತ್ತದೆ. ಗಂಟು ಎಷ್ಟು ಸರಿದಿದೆ ಎಂದು ಪಕ್ಕೆಲುಬು ಎಣಿಸಿ ನಿರ್ಧರಿಸಿದರೆ ಮೋಸ ಹೋಗುತ್ತೇವೆ. ಪಕ್ಕದ ರಕ್ತನಾಳ ನೋಡಬೇಕು. ಶ್ವಾಸಕೋಶದ ಗಂಟು ತನ್ನ ನಾಳವನ್ನು ಬಿಟ್ಟು ಹೋಗುವುದಿಲ್ಲ, ಹರಳಿಗೆ ಅಂಥ ನಂಟಿಲ್ಲ. ಪ್ಲೂರಾದಿಂದ ತೊಟ್ಟು ಹಿಡಿದು ತೂಗುವ ಗಡ್ಡೆಯೂ ಓಲಾಡುತ್ತದೆ, ಆದರೆ ತೊಟ್ಟು ಬಿಟ್ಟಷ್ಟೇ ದೂರ. ಅದನ್ನು ಸುಮ್ಮನೆ ಬಿಡುವಂತಿಲ್ಲ. ಹಳೇ ಟಿ.ಬಿ. ಕುಳಿಯಲ್ಲಿ ಬೆಳೆದ ಶಿಲೀಂಧ್ರದ ಉಂಡೆಯೂ ಮಗ್ಗುಲು ಬದಲಿಸಿದರೆ ಹೊರಳುತ್ತದೆ. ಅದರ ಮೇಲೆ ಗಾಳಿಯ ಕಪ್ಪು ಅರ್ಧಚಂದ್ರ ಕಾಣುತ್ತದೆ, ಕೆಮ್ಮಿದರೆ ರಕ್ತ ಬೀಳಬಹುದು.

ಇವರಿಗೆ ಸೂಜಿ ಬಯಾಪ್ಸಿಗೆ, ಅಂದರೆ ಸೂಜಿ ಚುಚ್ಚಿ ಗಂಟಿನ ಚೂರು ತೆಗೆದು ಪರೀಕ್ಷಿಸಲು, ದಿನ ಗೊತ್ತಾಗಿತ್ತು. ಸೂಜಿ ತಾಗಿದರೆ ಜಾರಿಕೊಳ್ಳುವ ನಿರಪಾಯದ ವಸ್ತುವಿಗಾಗಿ ಶ್ವಾಸಕೋಶಕ್ಕೆ ತೂತು ಬೀಳುವ ಅಪಾಯ ಯಾಕೆ? ಕಳಿಸಿದ ವೈದ್ಯರಿಗೆ ಫೋನ್ ಮಾಡಿದೆ, ರದ್ದಾಯಿತು.

ಅಂಗಿ ಗುಂಡಿ ಹಾಕಿಕೊಳ್ಳುತ್ತ ಅವರು ಕೇಳಿದ್ದು ಒಂದೇ: ಇನ್ನು ಯಾವ ಮಗ್ಗುಲಿಗೆ ಮಲಗಬೇಕು? ನಿದ್ದೆ ಬರುವ ಮಗ್ಗುಲಿಗೆ ಎಂದೆ.