ಏಕಪಕ್ಷೀಯ ಡಿಕ್ರಿ ರದ್ದು ಮಾಡಿಸುವುದು ಇಷ್ಟು ಗೋಜಲಾಗಿದ್ದು ಹೇಗೆ?

ಕೇಸು ಕೂಗಿದಾಗ ಪ್ರತಿವಾದಿ ಇಲ್ಲ, ವಕೀಲರೂ ಇಲ್ಲ. ಕೋರ್ಟು 'ಎಕ್ಸ್ ಪಾರ್ಟಿ' (ಏಕಪಕ್ಷೀಯ) ಅಂತ ಬರೆದು, ವಾದಿಯ ಸಾಕ್ಷಿ ಕೇಳಿ ಡಿಕ್ರಿ, ಅಂದರೆ ತೀರ್ಪಿನ ಆದೇಶ, ಕೊಡುತ್ತದೆ. ಎಷ್ಟೋ ಜನಕ್ಕೆ ವಿಷಯ ಗೊತ್ತಾಗುವುದೇ ಅಮಲ್ಜಾರಿ ನೋಟಿಸ್ (ಡಿಕ್ರಿ ಜಾರಿಗೆ ತರುವ ನೋಟಿಸ್) ಬಂದಾಗ. ಆಮೇಲೆ ಏನು ಮಾಡಬೇಕು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

1859ರ ಸಿವಿಲ್ ಪ್ರಕ್ರಿಯಾ ಸಂಹಿತೆಯಿಂದ 1908ರ ಈಗಿನ ಸಂಹಿತೆವರೆಗೆ, ಇಂಥ ಡಿಕ್ರಿ ರದ್ದು ಮಾಡುವ ಅವಕಾಶ ಇದ್ದೇ ಇದೆ. ಈಗ ಅದು ಆದೇಶ 9, ನಿಯಮ 13. ಕಾರಣ ಎರಡೇ: ಸಮನ್ಸ್ (ಕೋರ್ಟಿಗೆ ಬರಲು ಕರೆಯುವ ನೋಟಿಸ್) ಸರಿಯಾಗಿ ಜಾರಿ ಆಗಿರಲಿಲ್ಲ, ಅಂದರೆ ತಲುಪಿರಲಿಲ್ಲ, ಇಲ್ಲವೇ ಬರಲಾಗದಿದ್ದಕ್ಕೆ ತಕ್ಕ ಕಾರಣ ಇತ್ತು. ಅರ್ಜಿ ಹಾಕಬೇಕಾದ್ದು ಡಿಕ್ರಿ ಕೊಟ್ಟ ಕೋರ್ಟಿಗೇ.

ಗೋಜಲು ಹೆಚ್ಚಿದ್ದು 1976ರ ತಿದ್ದುಪಡಿಯಿಂದ. ಕೇಸಿನ ವಿಷಯ ಚೆನ್ನಾಗಿ ಗೊತ್ತಿದ್ದವರೂ ಸಮನ್ಸ್‌ನಲ್ಲಿ ಸಣ್ಣ ಲೋಪ ಹುಡುಕಿ ಡಿಕ್ರಿ ರದ್ದು ಮಾಡಿಸಲು ನೋಡುತ್ತಿದ್ದರು, ವಾದಿ ಮತ್ತೆ ಮೊದಲಿಂದ ಅಲೆಯಬೇಕಿತ್ತು. ಹಾಗಾಗಿ ಒಂದು ಷರತ್ತು ಸೇರಿತು. ವಿಚಾರಣೆ ದಿನ ಪ್ರತಿವಾದಿಗೆ ತಿಳಿದಿತ್ತು, ಬರಲು ಸಮಯವೂ ಇತ್ತು ಅಂತ ಕೋರ್ಟಿಗೆ ಮನವರಿಕೆಯಾದರೆ, ಜಾರಿಯಲ್ಲಿ ಲೋಪವಿದೆ ಅನ್ನುವುದಷ್ಟಕ್ಕೇ ಡಿಕ್ರಿ ರದ್ದಾಗುವುದಿಲ್ಲ. ಉದ್ದೇಶ ಸರಿ. ಆದರೆ ತನಗೆ ಗೊತ್ತೇ ಇರಲಿಲ್ಲ ಅಂತ ಒಬ್ಬರು ತೋರಿಸುವುದು ಹೇಗೆ?

ಇಲ್ಲಿ ಅಮೀನರ (ಸಮನ್ಸ್ ತಲುಪಿಸುವ ಕೋರ್ಟು ಸಿಬ್ಬಂದಿಯ) ಷರಾ, ಅಂದರೆ ಬರೆದುಕೊಡುವ ವರದಿ, ಮುಖ್ಯವಾಗುತ್ತದೆ. ಮನೆಗೆ ಹೋದಾಗ ಪ್ರತಿವಾದಿ ಸಿಗಲಿಲ್ಲ, ಸದ್ಯ ಸಿಗುವ ಹಾಗೂ ಇಲ್ಲ, ಅವರ ಪರವಾಗಿ ತೆಗೆದುಕೊಳ್ಳುವವರೂ ಇಲ್ಲ ಅಂದರೆ ಸಮನ್ಸ್ ಪ್ರತಿಯನ್ನು ಬಾಗಿಲಿಗೆ ಅಂಟಿಸಬಹುದು. ಆದರೆ ಯಾಕೆ ಅಂಟಿಸಿದೆ, ಮನೆ ಗುರುತಿಸಿದವರು ಇದ್ದರೆ ಯಾರು, ಅವರ ವಿಳಾಸ ಏನು ಅಂತ ಬರೆಯಬೇಕು. 'ಬಾಗಿಲು ಹಾಕಿತ್ತು, ಅಂಟಿಸಿದೆ' ಅಂತ ಒಂದೇ ಸಾಲು ಬರೆದು ವಾಪಸ್ ಕಳಿಸಿದರೆ, ವರ್ಷಗಳ ಮೇಲೆ ಒಂದು ಮನೆ ಅಥವಾ ಜಮೀನಿನ ಹಣೆಬರಹ ಆ ಸಾಲಿನ ಮೇಲೆ ನಿಲ್ಲುತ್ತದೆ. 2002ರಲ್ಲಿ ಸಮನ್ಸ್ ಜಾರಿ ಮಾಡಲು ಕೊರಿಯರ್, ಇಮೇಲ್ ಕೂಡ ಬಂದವು. ನನ್ನ ಪ್ರಕಾರ ಜಾರಿಯ ಹಂತದಲ್ಲೇ ಇನ್ನಷ್ಟು ಗಮನ ಕೊಟ್ಟಿದ್ದರೆ ಇಷ್ಟೊಂದು ಅರ್ಜಿಗಳೇ ಬರುತ್ತಿರಲಿಲ್ಲ.

ಗಡುವು 30 ದಿನ, ಡಿಕ್ರಿ ಆದ ದಿನದಿಂದ. ಸಮನ್ಸ್ ಸರಿಯಾಗಿ ಜಾರಿ ಆಗಿರದಿದ್ದರೆ, ಡಿಕ್ರಿ ಗೊತ್ತಾದ ದಿನದಿಂದ. ಪೇಪರ್ ಪ್ರಕಟಣೆಯಂಥ ಬದಲಿ ಜಾರಿಯನ್ನು ಈ ಲೆಕ್ಕಕ್ಕೆ ಸರಿಯಾದ ಜಾರಿ ಅಂತ ಹಿಡಿಯುವುದಿಲ್ಲ. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ತಡವಾದರೆ ವಿಳಂಬ ಮನ್ನಾ ಅರ್ಜಿಯನ್ನೂ ಜೊತೆಗೆ ಹಾಕಬೇಕು. ಎಷ್ಟು ತಡ ಅನ್ನುವುದಕ್ಕಿಂತ ಕೊಟ್ಟ ಕಾರಣ ಒಪ್ಪುವಂಥದ್ದಾ ಅಂತ ನೋಡಬೇಕು ಅಂತ ಸುಪ್ರೀಂ ಕೋರ್ಟ್ 1998ರಲ್ಲಿ ಹೇಳಿತು. 2000ದಲ್ಲಿ, ಗೈರಾದ ಆ ದಿನದ ಕಾರಣ ನೋಡಿ, ಹಿಂದಿನ ತಪ್ಪುಗಳನ್ನಲ್ಲ ಅಂದಿತು.

ಅಪೀಲಿಗೂ ಹೋಗಬಹುದು, ಈ ಅರ್ಜಿಯನ್ನೂ ಹಾಕಬಹುದು. ಆದರೆ ಅಪೀಲು ತೀರ್ಮಾನವಾಗಿ ವಜಾ ಆದರೆ ಅರ್ಜಿಯ ದಾರಿ ಮುಚ್ಚುತ್ತದೆ ಅಂತ ಸುಪ್ರೀಂ ಕೋರ್ಟ್ 2004ರಲ್ಲಿ ಸ್ಪಷ್ಟಪಡಿಸಿತು. ಬರೀ ಅರ್ಜಿ ಹಾಕಿದರೆ ಜಪ್ತಿ ನಿಲ್ಲುವುದಿಲ್ಲ, ತಡೆಯಾಜ್ಞೆ ಬೇರೆಯಾಗಿಯೇ ಕೇಳಬೇಕು. ಡಿಕ್ರಿ ರದ್ದು ಮಾಡುವಾಗಲೂ ಕೋರ್ಟು ಎದುರಾಳಿಯ ಖರ್ಚು ಕೊಡಿ, ಹಣ ಠೇವಣಿ ಇಡಿ ಅಂತ ಹೇಳಬಹುದು.