ಬೆನ್ನು ನೋಡಿ ನಾನೇನು ಮಾಡಲಿ?

ನಾನು ಪುಣೆಯಲ್ಲಿ ಮದುವೆ ಫೋಟೋ ತೆಗೆದು ಹೊಟ್ಟೆ ಹೊರೆಯುವವನು. ಡಿಸೆಂಬರಿನಿಂದ ಫೆಬ್ರುವರಿವರೆಗೆ ಮುಹೂರ್ತ ಇಲ್ಲದ ಭಾನುವಾರಗಳನ್ನು ಮಾತ್ರ ಬಾತುಗಳ ಫೋಟೋಗೆ ಇಟ್ಟಿದ್ದೇನೆ. ಜೊತೆಗೆ ನಾಲ್ಕೈದು ಹುಡುಗರು ಬರುತ್ತಾರೆ, ಧಾರವಾಡ, ಬೆಳಗಾವಿ ಕಡೆಯವರು, ಇಲ್ಲಿ ಹಿಂಜವಡಿಯಲ್ಲಿ ಕೆಲಸ. ಫೋಟೋ ತೋರಿಸಿ "ಹೆಂಗ ಬಂದಾವ್ರಿ ಸರ್?" ಅಂತಾರೆ. ಸೂಪರ್ ಅಂತ ಸುಮ್ನೆ ಹೇಳಿಬಿಟ್ಟರೆ ಅವರಿಗೆ ಒಂದು ಟೀ ಕುಡಿದಷ್ಟು ಖುಷಿ, ಅಷ್ಟೇ.

ತಪ್ಪು ಎಲ್ಲಿದೆ ಅಂತ ನೇರವಾಗಿ ಹೇಳಿ ನನಗೆ ಮೊದಲ ಪಾಠ ಕಲಿಸಿದ್ದು ದೊಡ್ಡಮ್ಮ. ಕವಡಿ ಪಾಟ್ ಗೊತ್ತಲ್ವಾ, ಸೋಲಾಪುರ ರಸ್ತೆಯಲ್ಲಿ ಲೋಣಿ ಹತ್ತಿರ, ಮುಳಾ-ಮುಠಾ ನದಿ ದಂಡೆ. ನಮ್ಮ ಹಳೆಯ ಕವಿಗಳು ಹಾಡಿ ಹೊಗಳಿದ ಚಕ್ರವಾಕ ಎಂಬ ಬಾತು ಅಲ್ಲಿ ನೊರೆ, ಪ್ಲಾಸ್ಟಿಕ್ ಚೀಲಗಳ ನಡುವೆ ಈಜಾಡುತ್ತದೆ. ದಂಡೆ ಮೇಲೆ ನಿಂತು ಒಂದು ಜೋಡಿ ಹಕ್ಕಿಯ ಫೋಟೋ ತೆಗೆದು ದೊಡ್ಡಮ್ಮನಿಗೆ ತೋರಿಸಿದೆ. "ಇದರ ಬೆನ್ನು ನೋಡಿ ನಾನೇನು ಮಾಡಲಪ್ಪಾ?" ಅಂದರು. ಸಿಟ್ಟು ಬಂತು. ಆಮೇಲೆ ನೋಡಿದರೆ ಹೌದು, ಬೆನ್ನು, ಕೊಳಕು ನೀರು, ಮತ್ತೇನೂ ಇಲ್ಲ.

ಮುಂದಿನ ವಾರ ಗೋಣಿಚೀಲ ಹಾಸಿ ಹೊಟ್ಟೆ ಮೇಲೆ ಮಲಗಿದೆ. ಲೆನ್ಸು ನೀರಿನಿಂದ ಒಂದು ಗೇಣು ಮೇಲಿತ್ತು. ವಾಸನೆ ಕೇಳಬೇಡಿ. ಆದರೆ ಹಕ್ಕಿಯ ಕಣ್ಣು ನನ್ನ ಕಣ್ಣಿಗೆ ಸರಿಯಾಗಿ ಬಂತು, ಹಿಂದೆ ನೀರಿನ ಬದಲು ದೂರದ ಆಚೆ ದಂಡೆ ಬಂದು ಹಸಿರಾಗಿ ಕರಗಿಹೋಯಿತು, ಮುಂದಿದ್ದ ಪ್ಲಾಸ್ಟಿಕ್ ಕೂಡ ಮಂಜಿನಂತೆ ಮಸುಕಾಯಿತು.

ಎರಡನೇ ಪಾಠ ಭಿಗವಣದ್ದು, ಪುಣೆಯಿಂದ ಸುಮಾರು 100 ಕಿಲೋಮೀಟರ್, ಉಜನಿ ಅಣೆಕಟ್ಟೆಯ ಹಿನ್ನೀರು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳ ಗುಂಪು ಸಿಕ್ಕಿತ್ತು, ತಲೆಯ ಹಿಂದಿನ ಎರಡು ಕಪ್ಪು ಪಟ್ಟೆ ಲೆಕ್ಕ ಹಾಕುವಷ್ಟು ಹತ್ತಿರ. ದೋಣಿಯವನಿಗೆ ಹೆಮ್ಮೆಯಿಂದ ತೋರಿಸಿದೆ. ಅವನು ಮರಾಠಿಯಲ್ಲಿ, "ಸಾಹೇಬ್, ಎಲ್ಲ ಕತ್ತು ಎತ್ತಿವೆ, ಹೆದರಿವೆ" ಅಂದ. ನಾನು ಪೋಸ್ ಅಂದುಕೊಂಡಿದ್ದು ಅದನ್ನೇ! ಈಗ ದೂರದಲ್ಲೇ ದೋಣಿ ನಿಲ್ಲಿಸಿ, ಅವು ಮತ್ತೆ ತಲೆ ತಗ್ಗಿಸಿ ಮೇಯುವವರೆಗೆ ಕಾಯುತ್ತೇವೆ. ಹಾರುವ ಫೋಟೋ ಬೇಕು ಅಂತ ಎಬ್ಬಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ಬಾತುಗಳು ಗಾಳಿಗೆ ಎದುರಾಗಿಯೇ ಏಳುತ್ತವೆ, ಇಳಿಯುತ್ತವೆ. ಗಾಳಿ, ಬಿಸಿಲು ಎರಡೂ ನಿಮ್ಮ ಬೆನ್ನಿಗಿದ್ದರೆ ತಾವಾಗಿ ನಿಮ್ಮ ಕಡೆ ಮುಖ ಮಾಡಿ ಬರುತ್ತವೆ. ಶಟರ್ ವೇಗ 1/2000 ಸೆಕೆಂಡ್ ಇಟ್ಟು ಕಾಯಿರಿ.

ಇನ್ನೊಂದು ತರಹದ ಸಲಹೆ ಇದೆ, ಅದು ಸ್ವಲ್ಪ ಜಾಸ್ತಿ ಕಷ್ಟದ್ದು. ಒಬ್ಬ ಹುಡುಗ ಗಂಡು ಶೋವೆಲರ್ ತೆಗೆದಿದ್ದ, ಸಲಿಕೆಯಂಥ ಕೊಕ್ಕಿನ ಬಾತು. ಫೋಟೋದಲ್ಲಿ ತಲೆ ಬರೀ ಕಪ್ಪು. ಯಾರೋ "ಕಂಪ್ಯೂಟರಿನಲ್ಲಿ ಹಸಿರು ಏರಿಸು" ಅಂದರಂತೆ. ಏರಿಸಿದ, ನೀರೂ ಪಾಚಿಯಾಯಿತು. ಮದ್ದು ತಪ್ಪು. ಆದರೆ ಬೆರಳು ಇಟ್ಟ ಜಾಗ ಸರಿ. ಆ ತಲೆಯ ಹಸಿರು ಗರಿಯ ರಚನೆಯಿಂದ ಹೊಳೆಯುವ ಹಸಿರು, ಬೆಳಕಿನ ಕೋನ ಸರಿಯಿದ್ದರೆ ಮಾತ್ರ ಕಾಣುತ್ತದೆ. ಬಿಸಿಲು ಪಕ್ಕಕ್ಕಿದ್ದಾಗ ತೆಗೆದಿದ್ದ. ಮದುವೆ ಮನೆಯಲ್ಲೂ ಹಾಗೇ, ವಧುವಿನ ಚಿಕ್ಕಮ್ಮ "ಫೋಟೋ ದೊಡ್ಡದು ಮಾಡಿ" ಅಂದರೆ ಅವರ ಕಷ್ಟ ಸೈಜಿನದಲ್ಲ, ಮುಖದ ಮೇಲೆ ಬೆಳಕಿಲ್ಲ ಅಂತ ಅರ್ಥ. ಆದ್ದರಿಂದ ನಾನು ಈಗ ನೋಡಿದವರನ್ನು ಒಂದೇ ಕೇಳುತ್ತೇನೆ: ಕಣ್ಣು ಮೊದಲು ಎಲ್ಲಿಗೆ ಹೋಯಿತು?

ಕಳೆದ ಭಾನುವಾರ ಆ ಹುಡುಗನಿಗೆ ಬಿಸಿಲು ಬೆನ್ನಿಗೆ ಹಾಕಿಸಿ ಮಲಗಿಸಿದೆ. ಹಸಿರು ತಲೆ, ಅದರಲ್ಲಿ ಹಳದಿ ಕಣ್ಣು, ಕಣ್ಣಲ್ಲಿ ಬಿಸಿಲಿನ ಒಂದು ಚುಕ್ಕಿ. ದೊಡ್ಡಮ್ಮನಿಗೆ ಕಳಿಸಿದೆವು. "ಕಣ್ಣೇನೋ ಸರಿ, ಕೊಕ್ಕಿನ ತುದಿ ಎಲ್ಲಿ ಕತ್ತರಿಸಿದ್ಯೋ?" ಅಂತ ಬಂತು.